ಸಹಾಯ ಬೇಕು: ಗಣಿಕೆ ಗಿಡದ ಗುರುತು, ಬಾಲ ಬಿಡುವ ಟಿಎಲ್‌ಸಿ ಚುಕ್ಕೆ

ಎಲ್ಲರಿಗೂ ನಮಸ್ಕಾರ. ನಾನು ಎಂಎಸ್ಸಿ ಸಸ್ಯಶಾಸ್ತ್ರದ ವಿದ್ಯಾರ್ಥಿನಿ. ಪ್ರಾಜೆಕ್ಟಿಗೆ ಗಣಿಕೆ ತೆಗೆದುಕೊಂಡಿದ್ದೇನೆ. ಬಾಯಿಹುಣ್ಣು ಆದಾಗ ಅಜ್ಜಿ ತಂಬುಳಿ ಮಾಡುತ್ತಿದ್ದ ಅದೇ ಸೊಪ್ಪು. ಸುಲಭ ಅಂದುಕೊಂಡಿದ್ದೆ, ತಪ್ಪಾಯ್ತು.

ನಮ್ಮ ಹೊಲದ ಬದುವಿನಲ್ಲೇ ಎರಡು ಬಗೆ ಸಿಕ್ಕಿವೆ. ಕಿತ್ತಳೆ ಹಣ್ಣಿನದು ಸೊಲಾನಮ್ ವಿಲ್ಲೋಸಮ್ ಎಂಬ ಜಾತಿ ಇರಬೇಕು. ಇನ್ನೊಂದರ ಹಣ್ಣು ಕಪ್ಪು, ಎಣ್ಣೆ ಸವರಿದ ಹಾಗೆ ಹೊಳೆಯುತ್ತದೆ. ತೊಟ್ಟಿನ ಹತ್ತಿರದ ಹಸಿರು ದಳಗಳು ಹಿಂದಕ್ಕೆ ಮಡಚಿವೆ. ಅದು ಸೊಲಾನಮ್ ಅಮೆರಿಕಾನಮ್ ಅಂತ ನನ್ನ ಊಹೆ, ಸೊಲಾನಮ್ ನೈಗ್ರಮ್ ಅಲ್ಲ. ಕ್ರೋಮೋಸೋಮ್ ಎಣಿಸಿದರೆ ಜಗಳ ಮುಗಿಯುತ್ತದೆ (ಅಮೆರಿಕಾನಮ್ 24, ವಿಲ್ಲೋಸಮ್ 48, ನೈಗ್ರಮ್ 72). ಆದರೆ ಅದಕ್ಕೆ ಬೇಕಾದ ಬೇರಿನ ತುದಿಯ ಸ್ಲೈಡ್ ಮಾಡುವುದು ನನಗೆ ಇನ್ನೂ ಕೈಗೆ ಹತ್ತಿಲ್ಲ. ಯಾರಾದರೂ ಹೇಳಿಕೊಡುತ್ತೀರಾ?

ಇನ್ನೊಂದು ತಲೆನೋವು ಆಲ್ಕಲಾಯ್ಡ್, ಅಂದರೆ ಗಿಡದಲ್ಲಿರುವ ಸೊಲಾನಿನ್‌ನಂಥ ವಿಷದ ಅಂಶ. ಸೊಲಾನಿನ್ ಮೊದಲು ಸಿಕ್ಕಿದ್ದೇ 1820ರಲ್ಲಿ, ಯುರೋಪಿನ ಗಣಿಕೆ ಹಣ್ಣಿನಿಂದ. ನನಗೆ ಬೇಕಿರುವುದು ಕಾಯಿ ಮತ್ತು ಹಣ್ಣಿನ ಹೋಲಿಕೆ. ಹಸಿರು ಕಾಯಿಯಲ್ಲಿ ಜಾಸ್ತಿ, ಹಣ್ಣಾದಂತೆ ಇಳಿಯುತ್ತದೆ ಅಲ್ವಾ? ಅದನ್ನು ಟಿಎಲ್‌ಸಿ ಪ್ಲೇಟಿನ ಮೇಲೆ ತೋರಿಸಬೇಕು (ಸಿಲಿಕಾ ಬಳಿದ ಪ್ಲೇಟಿನ ಮೇಲೆ ದ್ರಾವಣ ಓಡಿಸಿ ಅಂಶಗಳನ್ನು ಬೇರೆ ಬೇರೆ ಚುಕ್ಕೆಗಳಾಗಿ ಬಿಡಿಸುವ ವಿಧಾನ). ಶೇಕಡ 5ರ ಅಸಿಟಿಕ್ ಆಮ್ಲದಲ್ಲಿ ಅರೆದು, ಸೋಸಿ, ಅಮೋನಿಯ ಹಾಕಿ ಪಿಎಚ್ 10ಕ್ಕೆ ತಂದೆ. ಗಸಿ ಚೆನ್ನಾಗೇ ಕೂತಿತು. ಸಿಲಿಕಾ ಪ್ಲೇಟಿಗೆ ಡ್ರಾಗೆನ್‌ಡಾರ್ಫ್ (ಆಲ್ಕಲಾಯ್ಡ್ ಇದ್ದಲ್ಲಿ ಬಣ್ಣ ತೋರಿಸುವ ದ್ರಾವಣ) ಸಿಂಪಡಿಸಿದರೆ ಕಿತ್ತಳೆ ಚುಕ್ಕೆಯ ಬದಲು ಧೂಮಕೇತುವಿನ ಹಾಗೆ ಉದ್ದ ಬಾಲ! ಓಡಿಸುವ ದ್ರಾವಣಕ್ಕೂ ಸ್ವಲ್ಪ ಅಮೋನಿಯ ಸೇರಿಸಬೇಕೇ? ಅಥವಾ ಚುಕ್ಕೆ ಇಡುವಾಗಲೇ ಜಾಸ್ತಿ ಹಾಕುತ್ತಿದ್ದೇನೆಯೇ?

ಪ್ಲೇಟಿನ ಫೋಟೋ ಕಾಮೆಂಟಿನಲ್ಲಿ ಹಾಕುತ್ತೇನೆ. ಮಾಡಿ ನೋಡಿದವರು ದಯವಿಟ್ಟು ಹೇಳಿ. ನಾಡಿದ್ದು ಗೈಡ್ ಮುಂದೆ ಕೂರಬೇಕು.