ಪದಚರ್ಚೆ: ಸೋರಿಯಾಸಿಸ್ ‘ಹರಡುತ್ತೆ’, ‘ಗುಣವಾಗುತ್ತೆ’ ಅಂದ್ರೆ ಏನರ್ಥ?

ಎಲ್ಲರಿಗೂ ನಮಸ್ಕಾರ.

ಸೋರಿಯಾಸಿಸ್, ಅಂದರೆ ಚರ್ಮ ಅಲ್ಲಲ್ಲಿ ಕೆಂಪಾಗಿ, ದಪ್ಪಗಾಗಿ ಉದುರುವ ಕಾಯಿಲೆ, ಇರುವವರು ಓದಲಿ ಅಂತ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಯಾವ ಚಿಕಿತ್ಸೆ ಏನು ಮಾಡುತ್ತೆ, ಅದರಿಂದ ಏನು ತೊಂದರೆ ಆಗಬಹುದು, ಡಾಕ್ಟರ ಹತ್ತಿರ ಏನೇನು ಕೇಳಬೇಕು, ಇಷ್ಟೇ ಅದರಲ್ಲಿರೋದು. ನನಗೂ ಈ ಕಾಯಿಲೆ ವರ್ಷಗಳಿಂದ ಇದೆ, ಹಾಗಾಗಿ ವಿಷಯ ಹೊಸದಲ್ಲ. ತೊಡಕು ಬಂದಿರುವುದು ಪದಗಳಲ್ಲಿ. ಮೆಥೊಟ್ರೆಕ್ಸೇಟ್, ಕ್ಯಾಲ್ಸಿಪೊಟ್ರಿಯಾಲ್ ತರದ ಔಷಧಿ ಹೆಸರುಗಳು ಕಾಟ ಕೊಡುತ್ತಿಲ್ಲ, ಅವನ್ನು ಹಾಗೇ ಬರೆದರಾಯಿತು. ದಿನಾ ಬಾಯಲ್ಲಿ ಓಡಾಡುವ ಹರಡು, ಗುಣ, ಶಕ್ತಿ, ಇವೇ ಕೈ ಕೊಡುತ್ತಿವೆ ನೋಡಿ.

ಮೊದಲು ‘ಹರಡು’. “ಇದು ಹರಡುತ್ತಾ ಡಾಕ್ಟ್ರೇ?” ಅಂತ ಜೊತೆಗೆ ಬಂದ ಮನೆಯವರು ಕೇಳುತ್ತಾರೆ. ತಮಗೆ ಬರುತ್ತಾ, ಮಕ್ಕಳಿಗೆ ತಗುಲುತ್ತಾ ಅನ್ನೋದು ಅವರ ಪ್ರಶ್ನೆ. ಡಾಕ್ಟರು ಮೊಣಕೈ ಮೇಲಿನ ಕಲೆ ನೋಡುತ್ತಾ, “ಹರಡಬಹುದು, ಈಗಲೇ ಔಷಧಿ ಶುರು ಮಾಡೋಣ” ಅನ್ನುತ್ತಾರೆ. ಅವರ ಮನಸ್ಸಿನಲ್ಲಿರುವುದು ಮೊಣಕೈಯಿಂದ ಬೆನ್ನಿಗೆ, ತಲೆಗೆ, ಕಾಲಿಗೆ. ಇಬ್ಬರದೂ ಸರಿಯಾದ ಕನ್ನಡವೇ. ಆದರೆ ಮನೆಗೆ ಹೋದ ಮೇಲೆ ರೋಗಿಯ ಟವೆಲ್ ಬೇರೆ, ಹಾಸಿಗೆ ಬೇರೆ, ಮಗು ಎತ್ತಿಕೊಳ್ಳಲು ಹೋದರೆ ಏನೋ ಒಂದು ನೆಪ. ಸೋರಿಯಾಸಿಸ್ ಒಬ್ಬರಿಂದ ಇನ್ನೊಬ್ಬರಿಗೆ ಅಂಟುವ ಕಾಯಿಲೆಯೇ ಅಲ್ಲ. ಮುಟ್ಟಿದರೂ ಇಲ್ಲ, ಜೊತೆಗೆ ಮಲಗಿದರೂ ಇಲ್ಲ. 2014ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಭೆ ಇದರ ಬಗ್ಗೆ ನಿರ್ಣಯ ಮಾಡಿದಾಗಲೂ, ದೀರ್ಘಕಾಲದ, ಅಂಟದ ಕಾಯಿಲೆ ಅಂತಲೇ ಬರೆಯಿತು.

ಹಾಗಾಗಿ ಒಬ್ಬರಿಂದ ಒಬ್ಬರಿಗೆ ಅನ್ನುವಲ್ಲೆಲ್ಲ ‘ಅಂಟು’ ಅಂತ ಬರೆದು, ಮೈಮೇಲೆ ಜಾಸ್ತಿಯಾಗುವುದಕ್ಕೆ ‘ಬೇರೆ ಕಡೆಗೂ ಏಳು’ ಅಂತ ಬರೆಯುತ್ತಿದ್ದೇನೆ. ‘ವ್ಯಾಪಿಸು’ ಅನ್ನಬಹುದಿತ್ತು, ಯಾಕೋ ಸರ್ಕಾರಿ ಸುತ್ತೋಲೆ ಓದಿದ ಹಾಗಾಗುತ್ತೆ. ಆದರೂ ಒಂದು ಕಡೆ ಸಿಕ್ಕಿಕೊಂಡಿದ್ದೇನೆ. ಸೋರಿಯಾಸಿಸ್ ಇರುವವರ ಚರ್ಮಕ್ಕೆ ಗೀರು ಬಿದ್ದರೆ, ಹಚ್ಚೆ ಹಾಕಿಸಿದರೆ, ಆಪರೇಷನ್ ಹೊಲಿಗೆ ಬಿದ್ದರೆ, ಕೆಲವರಿಗೆ ಕೆಲವು ದಿನ ಬಿಟ್ಟು ಅದೇ ಗೆರೆಯ ಮೇಲೆ ಹೊಸ ಕಲೆ ಏಳುತ್ತೆ. ಇದನ್ನು ಮೊದಲು ವಿವರಿಸಿದ ಡಾಕ್ಟರು ಕೋಬ್ನರ್ ಹೆಸರಲ್ಲೇ ಕರೆಯುತ್ತಾರೆ. ಹಾಗಾದರೆ ‘ಕೆರೆದರೆ ಹರಡುತ್ತೆ’ ಅನ್ನುವ ಮಾತು ಒಂದರ್ಥದಲ್ಲಿ ನಿಜವೇ. ಇನ್ನು ‘ಮನೆತನದಲ್ಲಿ ಬರುತ್ತೆ’ ಅನ್ನುವುದು ಬೇರೆ. ಅಪ್ಪನಿಗೋ ಅಮ್ಮನಿಗೋ ಇದ್ದರೆ ಮಕ್ಕಳಿಗೆ ಬರುವ ಸಾಧ್ಯತೆ ಜಾಸ್ತಿ, ಬಂದೇ ಬರುತ್ತೆ ಅಂತಲ್ಲ. ‘ಅಂಟು’, ‘ಏಳು’, ‘ಬರು’, ಈ ಮೂರನ್ನೂ ಓದುವವರು ಕಲಸಿಕೊಳ್ಳದ ಹಾಗೆ ಬರೆಯೋದು ಹೇಗೆ? ಯಾರಾದರೂ ಇದಕ್ಕಿಂತ ಚೆನ್ನಾದ್ದು ಹೇಳಿ.

ಕಾಯಿಲೆಯ ಹೆಸರಿನ ಬಗ್ಗೆ ಒಂದೆರಡು ಮಾತು. ಸೋರಿಯಾಸಿಸ್ ಅನ್ನೋದು ತುರಿಕೆ ಅನ್ನುವ ಅರ್ಥದ ಗ್ರೀಕ್ ಪದದಿಂದ ಬಂದಿದ್ದು. ‘ಇದಕ್ಕೆ ನಮ್ಮದೇ ಹೆಸರಿದೆಯಲ್ಲ, ಆಯುರ್ವೇದದಲ್ಲಿ ಏಕಕುಷ್ಠ, ಕಿಟಿಭ ಅಂತಾರೆ, ಅದನ್ನೇ ಬಳಸಿ’ ಅಂತ ಒಬ್ಬ ಸ್ನೇಹಿತರು ಸಲಹೆ ಕೊಟ್ಟರು. ವಿವರಣೆ ಹತ್ತಿರವಾಗಿದೆ ನಿಜ, ಏಕಕುಷ್ಠದ ಚರ್ಮವನ್ನು ಮೀನಿನ ಹುರುಪೆಗೆ ಹೋಲಿಸಿದ್ದಾರೆ. ಆದರೆ ಆಯುರ್ವೇದದಲ್ಲಿ ‘ಕುಷ್ಠ’ ಅಂದರೆ ಚರ್ಮದ ಹತ್ತಾರು ತೊಂದರೆಗಳಿಗೆ ಒಟ್ಟು ಹೆಸರು, ಇವತ್ತಿನ ಕನ್ನಡದಲ್ಲಿ ಅದು ಒಂದೇ ಕಾಯಿಲೆಯ ಹೆಸರು. ಚೀಟಿಯಲ್ಲಿ ಏಕಕುಷ್ಠ ಅಂತ ಬರೆದುಕೊಟ್ಟರೆ ಆ ಮನುಷ್ಯನ ಗತಿ ಏನು? ಯುರೋಪಿನಲ್ಲೂ ಇದೇ ಕಥೆ ಆಗಿತ್ತು. ಹುರುಪೆ ಏಳುವ ಕಾಯಿಲೆಗಳಿಗೆಲ್ಲ ‘ಲೆಪ್ರಾ’ ಅನ್ನುವ ಹೆಸರು ಅಂಟಿಕೊಂಡು, ಸೋರಿಯಾಸಿಸ್ ಇದ್ದವರೂ ಕುಷ್ಠದ ಲೆಕ್ಕಕ್ಕೆ ಸೇರುತ್ತಿದ್ದರು. 1841ರಲ್ಲಿ ವಿಯೆನ್ನಾದ ಚರ್ಮದ ಡಾಕ್ಟರು ಹೆಬ್ರಾ ಎರಡನ್ನೂ ಸ್ಪಷ್ಟವಾಗಿ ಬೇರೆ ಮಾಡಿದ ಮೇಲೆ ಆ ಗೊಂದಲ ಕಳೆಯಿತು. ಅದನ್ನು ಮತ್ತೆ ಕನ್ನಡಕ್ಕೆ ಕರೆತರುವುದು ಬೇಡ. ಹೆಸರು ಸೋರಿಯಾಸಿಸ್ ಅಂತಲೇ ಇರಲಿ, ಇದರಲ್ಲಿ ನನಗೆ ಅನುಮಾನ ಇಲ್ಲ.

ಉದುರುವ ವಸ್ತುವಿಗೆ ಏನನ್ನಬೇಕು ಅನ್ನೋದರಲ್ಲಿ ಮಾತ್ರ ಅನುಮಾನ ಇದೆ. ಪಠ್ಯಪುಸ್ತಕದಲ್ಲಿ ‘ಶಲ್ಕ’. ಯಾರೂ ಆಡೋದಿಲ್ಲ. ‘ಪೊರೆ’ ಅಂದ್ರೆ ಹಾವು, ಇಲ್ಲವೇ ಕಣ್ಣು. ‘ಹೊಟ್ಟು’ ಚೆನ್ನಾಗಿದೆ, ಆದರೆ ಅದು ತಲೆಗೆ ಸೀಮಿತ, ಅಲ್ಲೇ ಒಂದು ಎಡವಟ್ಟೂ ಇದೆ. ತಲೆಯಲ್ಲಿ ಸೋರಿಯಾಸಿಸ್ ಇರುವವರು ವರ್ಷಗಟ್ಟಲೆ ತಲೆಹೊಟ್ಟು ಅಂದುಕೊಂಡು ಶಾಂಪೂ ಬದಲಾಯಿಸುತ್ತಲೇ ಇರುತ್ತಾರೆ. ಹೊಟ್ಟು ಸಾಮಾನ್ಯವಾಗಿ ಜಿಡ್ಡುಜಿಡ್ಡು, ತೆಳು. ಸೋರಿಯಾಸಿಸ್‌ನದು ಒಣಗಿದ್ದು, ದಪ್ಪ, ಕೂದಲಿನ ಅಂಚು ದಾಟಿ ಹಣೆಗೂ ಕಿವಿಯ ಹಿಂದಕ್ಕೂ ಇಳಿಯುತ್ತೆ. ನನಗೆ ‘ಹಕ್ಕಳೆ’ ಇಷ್ಟ. ಗೋಡೆಯ ಬಣ್ಣ ಹಕ್ಕಳೆ ಏಳುತ್ತಲ್ಲ, ಹಾಗೇ. ಉಗುರಿನಿಂದ ಮೆಲ್ಲಗೆ ಕೆರೆದರೆ ಬೆಳ್ಳಗೆ ಪುಡಿಪುಡಿಯಾಗಿ ಬರುತ್ತೆ, ಇನ್ನೂ ಕೆರೆದರೆ ಕೆಳಗೆ ತೆಳ್ಳಗಿನ ಒಂದು ಪದರ, ಅದೂ ಕಿತ್ತರೆ ಸೂಜಿಮೊನೆಯಷ್ಟು ರಕ್ತದ ಚುಕ್ಕಿಗಳು. ಡಾಕ್ಟರು ಈ ಚುಕ್ಕಿಗಳನ್ನು ಗುರುತಾಗಿ ನೋಡುತ್ತಾರೆ, ನೀವು ಮನೆಯಲ್ಲಿ ಕೆರೆದು ನೋಡಬೇಡಿ. ಚರ್ಮದ ಕೋಶ ಹುಟ್ಟಿ ಮೇಲೆ ಬಂದು ಉದುರುವುದಕ್ಕೆ ಸುಮಾರು ಒಂದು ತಿಂಗಳು ಬೇಕು, ಇಲ್ಲಿ ಕೆಲವೇ ದಿನಗಳಲ್ಲಿ ಮುಗಿಯುತ್ತೆ, ಅದಕ್ಕೇ ಈ ರಾಶಿ. ಆದರೆ ‘ಹಕ್ಕಳೆ’ ಅಂದರೆ ಗಾಯ ಒಣಗಿದ ಮೇಲಿನ ಹೆಪ್ಪು ಅಂತಲೂ ಹಲವರು ತಿಳಿಯುತ್ತಾರೆ. ನಿಮ್ಮ ಕಡೆ ಏನಂತೀರಿ? ಹುರುಪೆಯಾ, ಚಕ್ಕೆಯಾ, ಸಿಪ್ಪೆಯಾ?

ಇನ್ನು ‘ಗುಣ’. ಕೈಪಿಡಿಯಲ್ಲಿ ಜಾಸ್ತಿ ತಲೆ ಕೆಡಿಸಿರುವುದು ಇದೇ. ‘ಆ ಮುಲಾಮಿನಿಂದ ಗುಣ ಕಂಡಿದೆ’ ಅಂದರೆ ಸ್ವಲ್ಪ ವಾಸಿ ಅಂತ. ‘ಗುಣವಾಯಿತು’ ಅಂದರೆ ಕಾಯಿಲೆ ಹೋಯಿತು ಅಂತ. ಒಂದೇ ಪದ. ಸೋರಿಯಾಸಿಸ್‌ಗೆ ಎರಡನೇ ಅರ್ಥದ ಗುಣ ಇವತ್ತಿನವರೆಗೂ ಇಲ್ಲ. ಮೊದಲನೇ ಅರ್ಥದ್ದು ಧಾರಾಳವಾಗಿ ಇದೆ, ಹಿಂದೆಂದಿಗಿಂತ ಚೆನ್ನಾಗಿದೆ. ‘ಬೇರುಸಹಿತ ಗುಣ’ ಅಂತ ಜಾಹೀರಾತು ಹಾಕುವವರು ಬದುಕುವುದೇ ಈ ಸಂದಿಯಲ್ಲಿ. ಅಂಥವರ ಪುಡಿ, ಲೇಹ್ಯಗಳಲ್ಲಿ ಹೇಳದೆ ಸ್ಟೀರಾಯ್ಡ್ ಬೆರೆಸಿದ್ದರೆ ಮೊದಲು ಮೈಯೆಲ್ಲ ನುಣುಪಾಗುತ್ತೆ, ನಿಲ್ಲಿಸಿದ ಕೂಡಲೇ ಮೊದಲಿಗಿಂತ ಜೋರಾಗಿ ಏಳುತ್ತೆ, ಕೆಲವರಿಗೆ ಕೀವುಗುಳ್ಳೆ ಎದ್ದು, ಮೈಪೂರ್ತಿ ಕೆಂಪಾಗಿ ಆಸ್ಪತ್ರೆ ಸೇರಬೇಕಾಗುತ್ತೆ. ನುಂಗುವ ಸ್ಟೀರಾಯ್ಡನ್ನು ಸೋರಿಯಾಸಿಸ್‌ಗೆ ಡಾಕ್ಟರು ಸುಮ್ನೆ ಕೊಡದಿರುವುದು ಇದಕ್ಕೇ. ಹಚ್ಚುವ ಸ್ಟೀರಾಯ್ಡ್ ಬೇರೆ ವಿಷಯ. ಎಷ್ಟು ಖಾರದ್ದು, ಎಲ್ಲಿಗೆ, ಎಷ್ಟು ದಿನ ಅಂತ ಕೇಳಿ ಹಚ್ಚಿದರೆ ಅದು ಒಳ್ಳೆಯ ಔಷಧಿ. ಮುಖಕ್ಕೂ ಚರ್ಮದ ಮಡಿಕೆಗಳಿಗೂ ಜೋರಿನದು ಹಚ್ಚಿ ವರ್ಷಗಟ್ಟಲೆ ಬಿಟ್ಟರೆ ಚರ್ಮ ತೆಳುವಾಗುತ್ತೆ. ‘ಖಾರ’ ಅಂದೆ ನೋಡಿ, ಮುಲಾಮಿನ ಜೋರಿಗೆ ಇದಕ್ಕಿಂತ ಸರಿಯಾದ ಪದ ಇದೆಯಾ? ‘ಪ್ರಬಲ’ ಅಂದರೆ ಓದುವವರು ‘ಓಹೋ, ಪ್ರಬಲವಾದದ್ದೇ ಒಳ್ಳೇದು’ ಅಂದುಕೊಳ್ಳುತ್ತಾರೆ.

ಅಂಕಿಗಳಲ್ಲೂ ‘ಗುಣ’ ಮೋಸ ಮಾಡುತ್ತೆ. ಚಿಕಿತ್ಸೆಗಳನ್ನು ಹೋಲಿಸುವಾಗ ಪಾಸಿ ಅನ್ನುವ ಅಳತೆ ಬಳಸುತ್ತಾರೆ, 1978ರಿಂದ ಇದೆ. ಕೆಂಪು, ದಪ್ಪ, ಹಕ್ಕಳೆ ಮತ್ತು ಮೈಯ ಎಷ್ಟು ಭಾಗ, ಇವನ್ನು ಸೇರಿಸಿ 0ಯಿಂದ 72ರವರೆಗೆ ಅಂಕ. ಪಾಸಿ 90 ಅಂದರೆ ಒಬ್ಬರ ಅಂಕ ಮೊದಲಿದ್ದದ್ದಕ್ಕಿಂತ ಕನಿಷ್ಠ ಶೇ 90 ಇಳಿದಿದೆ ಅಂತ. ‘ಶೇ 90 ಗುಣ’ ಅಂತ ಬರೆದರೆ, ನೂರರಲ್ಲಿ ತೊಂಬತ್ತು ಜನಕ್ಕೆ ಪೂರ್ತಿ ವಾಸಿಯಾಯಿತು ಅಂತಲೇ ಓದುತ್ತಾರೆ. ನಾನು ‘ಮೊದಲಿದ್ದದ್ದರಲ್ಲಿ ಹತ್ತನೇ ಒಂದು ಭಾಗವೋ ಅದಕ್ಕಿಂತ ಕಮ್ಮಿಯೋ ಉಳಿಯಿತು’ ಅಂತ ಬರೆದಿದ್ದೇನೆ. ಉದ್ದವಾಯಿತು, ಆದರೆ ಸುಳ್ಳಾಗಲಿಲ್ಲ.

ಮೂರನೆಯದು ‘ರೋಗನಿರೋಧಕ ಶಕ್ತಿ’. ಕೊನೆಗೆ ‘ಶಕ್ತಿ’ ಅಂತ ಇರುವುದರಿಂದ ಅದು ಜಾಸ್ತಿ ಇದ್ದಷ್ಟೂ ಒಳ್ಳೇದು ಅಂತ ಎಲ್ಲರ ನಂಬಿಕೆ. ‘ನಿಂಗೆ ಶಕ್ತಿ ಕಮ್ಮಿ, ಅದಕ್ಕೇ ಮೈ ಹೀಗಾಗಿದೆ’ ಅಂತ ಟಾನಿಕ್ ತಂದುಕೊಡುವವರು ಎಲ್ಲರ ಮನೆಯಲ್ಲೂ ಇರುತ್ತಾರೆ, ಅಲ್ವಾ? ಇಲ್ಲಿ ಆಗಿರುವುದು ಉಲ್ಟಾ. ಮೈಕಾಯುವ ವ್ಯವಸ್ಥೆ ಕಾರಣವಿಲ್ಲದೆ ಕೆರಳಿ ಚರ್ಮದ ಮೇಲೆ, ಕೆಲವರಲ್ಲಿ ಕೀಲುಗಳ ಮೇಲೂ ತಿರುಗಿಬಿದ್ದಿದೆ. ಅದನ್ನು ಹತೋಟಿಗೆ ತರುವ ಔಷಧಿಗೆ ‘ರೋಗನಿರೋಧಕ ಶಕ್ತಿ ಕುಗ್ಗಿಸುವ ಮದ್ದು’ ಅಂತ ಹೆಸರಿಟ್ಟರೆ ಯಾರು ತಾನೇ ನುಂಗುತ್ತಾರೆ? ಹಾಗಂತ ಅಪಾಯ ಮುಚ್ಚಿಡುವ ಹಾಗೂ ಇಲ್ಲ. ಸೋಂಕಿನ ಭಯ ಇದ್ದೇ ಇದೆ, ಶುರು ಮಾಡುವ ಮುಂಚೆ ಕ್ಷಯ ಇದೆಯಾ ಅಂತ ಪರೀಕ್ಷೆ ಮಾಡಿಸುತ್ತಾರೆ. ‘ಮೈಕಾವಲನ್ನು ತಗ್ಗಿಸುವ ಔಷಧಿ’ ಅಂತ ನಾನೇ ಕಟ್ಟಿದ್ದೇನೆ. ಕಾವಲು ಅತಿಯಾದರೆ ಮನೆಯವರಿಗೇ ತೊಂದರೆ ಅನ್ನೋದು ಓದುವವರಿಗೆ ತಾನಾಗಿ ಹೊಳೆಯುತ್ತೆ ಅಂತ ನನ್ನ ಆಸೆ. ಬೇಡ ಅನ್ನಿಸಿದರೆ ಹೊಡೆದುಹಾಕಿ.

ಅದೇ ಗುಂಪಿನ ಹೊಸ ಇಂಜೆಕ್ಷನ್‌ಗಳಿಗೆ, ಅಂದರೆ ಬಯೋಲಾಜಿಕ್ ಅನ್ನುವುದಕ್ಕೆ, ಪತ್ರಿಕೆಯವರು ‘ಜೈವಿಕ ಔಷಧಿ’ ಅಂತ ಬರೆಯುತ್ತಾರೆ. ಜೈವಿಕ ಅಂದ ತಕ್ಷಣ ಗೊಬ್ಬರ ನೆನಪಾಗಿ, ರಾಸಾಯನಿಕ ಇಲ್ಲದ್ದು, ಗಿಡಮೂಲಿಕೆ ತರದ್ದು, ಅಡ್ಡಪರಿಣಾಮ ಇರಲ್ಲ ಅಂತ ಓದಿದವರು ತಿಳಿಯುತ್ತಾರೆ. ಇವು ಜೀವಕೋಶಗಳಲ್ಲಿ ತಯಾರಾದ ಪ್ರೋಟೀನುಗಳು. ಉರಿಯೂತದ ಸಂದೇಶ ಸಾಗಿಸುವ ಟಿಎನ್‌ಎಫ್, ಐಎಲ್-17, ಐಎಲ್-23 ತರದ ಒಂದು ಕೊಂಡಿಯನ್ನು ಹಿಡಿದು ತಡೆಯುತ್ತವೆ. ಮಾತ್ರೆಯಾಗಿ ನುಂಗಿದರೆ ಹೊಟ್ಟೆಯಲ್ಲೇ ಜೀರ್ಣವಾಗುತ್ತವೆ, ಅದಕ್ಕೇ ಚುಚ್ಚುವುದು. ಬಯೋಲಾಜಿಕ್ ಇಂಜೆಕ್ಷನ್ ಅಂತಲೇ ಬಿಡೋಣ ಅನ್ನುವ ಕಡೆಗೆ ನನ್ನ ಒಲವು.

ಬೆಳಕಿನ ಚಿಕಿತ್ಸೆಗೆ ಸಮಸ್ಯೆ ಇಲ್ಲ. ‘ಬಿಸಿಲು ಕಾಯಿಸು’ ಅಂತ ಮಾತ್ರ ಬರೆಯುವ ಹಾಗಿಲ್ಲ, 311 ನ್ಯಾನೋಮೀಟರಿನ ಅತಿನೇರಳೆ ಬೆಳಕನ್ನು ವಾರಕ್ಕೆ ಎರಡು ಮೂರು ಸಲ ಅಳೆದು ಕೊಡುವುದಕ್ಕೂ ಬಿಸಿಲಲ್ಲಿ ಸುಟ್ಟುಕೊಳ್ಳುವುದಕ್ಕೂ ತುಂಬ ವ್ಯತ್ಯಾಸ ಇದೆ.

ಮೆಥೊಟ್ರೆಕ್ಸೇಟ್ ಬಗ್ಗೆ ಒಂದು ಸಾಲು ಇದೆ, ಅದನ್ನು ದಯವಿಟ್ಟು ಎಲ್ಲರೂ ಓದಿ ನೋಡಿ. ಸೋರಿಯಾಸಿಸ್‌ಗೆ ಈ ಮಾತ್ರೆ ವಾರಕ್ಕೆ ಒಂದೇ ದಿನ. ದಿನಾ ನುಂಗಿ ಪ್ರಾಣ ಕಳೆದುಕೊಂಡವರಿದ್ದಾರೆ. ‘ವಾರಕ್ಕೊಮ್ಮೆ’ ಅಂತ ಒತ್ತಾಗಿ ಬರೆದರೆ ಚೀಟಿಯಲ್ಲಿ ‘ದಿನಕ್ಕೊಮ್ಮೆ’ ಅಂತ ಓದಿಕೊಳ್ಳುವುದು ಸುಲಭ, ಎರಡರ ಬಾಲವೂ ಒಂದೇ. ನಾನು ‘ಬುಧವಾರ ಮಾತ್ರ, ಬೇರೆ ಯಾವ ದಿನವೂ ಬೇಡ’ ಅಂತ ಮಾದರಿ ಕೊಟ್ಟಿದ್ದೇನೆ. ಜೊತೆಗೆ ಫೋಲಿಕ್ ಆಮ್ಲ ಬೇರೆ ದಿನ, ಲಿವರ್ ಮತ್ತು ರಕ್ತದ ಪರೀಕ್ಷೆ ಆಗಾಗ, ಹೆಂಡ ಬೇಡ, ಬಸಿರಾಗುವ ಯೋಚನೆ ಇದ್ದರೆ ಮೊದಲೇ ಹೇಳಬೇಕು. ಅಸಿಟ್ರೆಟಿನ್ ಅನ್ನುವ ಇನ್ನೊಂದು ಔಷಧಿಗೆ ಇನ್ನೂ ಕಟ್ಟುನಿಟ್ಟು, ನಿಲ್ಲಿಸಿ 3 ವರ್ಷದವರೆಗೂ ಬಸಿರಾಗುವಂತಿಲ್ಲ. ಇಲ್ಲಿ ‘ಗರ್ಭಧಾರಣೆ’ ಬೇಕಾ, ‘ಬಸಿರು’ ಸಾಕಾ? ನನಗೆ ಬಸಿರು ಸಾಕು.

ಕೊನೆಯದಾಗಿ, ಫ್ಲೇರ್ ಮತ್ತು ರೆಮಿಷನ್, ಅಂದರೆ ಕಾಯಿಲೆ ಜೋರಾಗುವುದು ಮತ್ತು ಇಳಿಯುವುದು. ‘ಉಲ್ಬಣ’ ಮತ್ತು ‘ಉಪಶಮನ’ ಅನ್ನೋದು ನಿಘಂಟಿನ ಜೋಡಿ. ಗಂಟಲು ಸೋಂಕು ಬಂದಾಗ, ಚಿಂತೆ ಜಾಸ್ತಿಯಾದಾಗ, ಲಿಥಿಯಂ ತರದ ಕೆಲವು ಮಾತ್ರೆ ಶುರು ಮಾಡಿದಾಗ ನಾವು ಮನೆಯಲ್ಲಿ ‘ಉಲ್ಬಣಗೊಂಡಿದೆ’ ಅನ್ನೋದಿಲ್ಲವಲ್ಲ. ‘ಕೆರಳಿದೆ’, ‘ಮತ್ತೆ ಎದ್ದಿದೆ’ ಅಂತೀವಿ. ಇಳಿದಾಗ ‘ಅಡಗಿದೆ’. ಈ ‘ಅಡಗು’ ನನಗೆ ತುಂಬ ಹಿಡಿಸಿದೆ, ಯಾಕಂದ್ರೆ ಅದರಲ್ಲಿ ತಣ್ಣಗಾಗುವುದೂ ಇದೆ, ಬಚ್ಚಿಟ್ಟುಕೊಳ್ಳುವುದೂ ಇದೆ. ರೆಮಿಷನ್ ಅಂದರೆ ಸರಿಯಾಗಿ ಅದೇ. ಆದರೆ ‘ನಿಮ್ಮ ಕಾಯಿಲೆ ಅಡಗಿದೆ’ ಅಂತ ಓದಿದವರು ‘ಒಳಗೆ ಸೇರಿಕೊಂಡಿದೆ’ ಅಂತ ಹೆದರಿ, ರಕ್ತ ಶುದ್ಧಿ ಮಾಡಿಸಲು ಓಡಿದರೆ ಕಷ್ಟ. ‘ಕೆರಳು–ಅಡಗು’ ಜೋಡಿ ನಿಮಗೆ ಒಪ್ಪಿಗೆಯಾ? ಇಲ್ಲದಿದ್ದರೆ ನಿಮ್ಮ ಮನೆಯಲ್ಲಿ ಇಂಥ ಬಂದುಹೋಗುವ ಕಾಯಿಲೆಗೆ, ಕೀಲುನೋವೋ ಉಬ್ಬಸವೋ ಏನಾದರೂ ಸರಿ, ಜಾಸ್ತಿಯಾದಾಗ ಏನಂತೀರಿ, ಇಳಿದಾಗ ಏನಂತೀರಿ, ಒಂದೊಂದು ಪೂರ್ತಿ ವಾಕ್ಯವಾಗಿ ಬರೆದು ಕಳಿಸಿ. ಬರೀ ಪದ ಕೊಟ್ಟರೆ ಅದು ವಾಕ್ಯದಲ್ಲಿ ಹೇಗೆ ಕೂರುತ್ತೆ ಅಂತ ನನಗೆ ಗೊತ್ತಾಗಲ್ಲ.