ಪದಚರ್ಚೆ: ‘ಅನ್‌ಸರ್ಕ್ಯುಲೇಟೆಡ್’ ನಾಣ್ಯಕ್ಕೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಒಂದು ಪದದ ವಿಷಯದಲ್ಲಿ ನಿಮ್ಮ ಸಹಾಯ ಬೇಕು.

ನನಗೆ ಹಳೆಯ ಅಮೆರಿಕನ್ ಡೈಮ್‌ಗಳನ್ನು ಕೂಡಿಡುವ ಹವ್ಯಾಸ. ಡೈಮ್ ಅಂದರೆ ಹತ್ತು ಸೆಂಟಿನ ನಾಣ್ಯ. ಈಗ ಅಲ್ಲಿ ಓಡುವ ನಾಣ್ಯಗಳಲ್ಲಿ ಅದೇ ಎಲ್ಲಕ್ಕಿಂತ ಚಿಕ್ಕದು, ಒಂದು ಸೆಂಟಿನ ಪೆನ್ನಿ ಕೂಡ ಅದಕ್ಕಿಂತ ದೊಡ್ಡದು. ಇವುಗಳ ಬಗ್ಗೆ ಕನ್ನಡದಲ್ಲೇ ಒಂದು ವಿವರಪಟ್ಟಿ ಬರೆಯುತ್ತಿದ್ದೇನೆ. ಜಾಸ್ತಿ ಪದಗಳಿಗೆ ತೊಂದರೆ ಆಗಲಿಲ್ಲ. ಮಿಂಟ್‌ಗೆ ಟಂಕಸಾಲೆ ಇದ್ದೇ ಇದೆ. ಡೈಮನ್ನು ಡೈಮ್ ಅಂತಲೇ ಬಿಟ್ಟೆ, ಯಾಕಂದ್ರೆ ಈಗಿನ ನಾಣ್ಯದ ಮೇಲೂ ‘ಒನ್ ಡೈಮ್’ ಅಂತಷ್ಟೇ ಇರುತ್ತದೆ, ಹತ್ತು ಅನ್ನುವ ಅಂಕಿಯೇ ಇರುವುದಿಲ್ಲ. ಕೈ ನಿಂತಿದ್ದು ‘ಅನ್‌ಸರ್ಕ್ಯುಲೇಟೆಡ್’ ಹತ್ತಿರ.

ಟಂಕಸಾಲೆಯಿಂದ ಬಂದ ಮೇಲೆ ಅಂಗಡಿ, ಜೇಬು, ಗಲ್ಲಾಪೆಟ್ಟಿಗೆ ಸುತ್ತದೆ ಹಾಗೇ ಉಳಿದ ನಾಣ್ಯ ಅದು. ನಾಣ್ಯ ಎಷ್ಟು ಚೆನ್ನಾಗಿ ಉಳಿದಿದೆ ಅಂತ ಹೇಳುವ, 70ರವರೆಗಿನ ದರ್ಜೆಯ ಅಳತೆಯಲ್ಲಿ 60 ಮತ್ತು ಅದಕ್ಕೆ ಮೇಲಿನವು ಈ ಗುಂಪಿಗೆ ಸೇರುತ್ತವೆ. ಪದಕ್ಕೆ ಪದ ಇಟ್ಟರೆ ‘ಚಲಾವಣೆಯಾಗದ ನಾಣ್ಯ’ ಆಗುತ್ತದೆ. ಆದರೆ ಕನ್ನಡದವರು ಅದನ್ನು ಓದಿದರೆ ನಡೆಯದ ದುಡ್ಡು ಅಂದುಕೊಳ್ಳುತ್ತಾರೆ, ಅಲ್ವಾ? ನಮ್ಮ ನಾಲ್ಕಾಣೆ ಹಾಗಾಯಿತು, 2011ರ ಜೂನ್ 30ಕ್ಕೆ ಅದರ ಕಾಲ ಮುಗಿಯಿತು. ಡೈಮ್‌ನ ಕಥೆ ಇದಕ್ಕೆ ಪೂರ್ತಿ ಉಲ್ಟಾ. 1796ರಲ್ಲಿ ಅಚ್ಚಾದ ಮೊದಲ ಡೈಮ್ ಕೂಡ ಇವತ್ತಿಗೂ ಕಾನೂನಿನ ಪ್ರಕಾರ ಹತ್ತು ಸೆಂಟಿಗೆ ನಡೆಯುತ್ತದೆ (ಯಾರೂ ಕೊಡುವುದಿಲ್ಲ, ಆ ಮಾತು ಬೇರೆ). ಹೀಗಿರುವಾಗ ಅದನ್ನು ‘ಚಲಾವಣೆಯಾಗದ’ ಅಂತ ಬರೆದರೆ ಸುಳ್ಳೇ ಆಗುತ್ತದೆ.

‘ಹೊಸ ನಾಣ್ಯ’ ಅನ್ನಲೂ ಆಗದು, 1916ರದ್ದು ಹೊಸದು ಹೇಗಾಗುತ್ತದೆ? ‘ಬಳಸದ ನಾಣ್ಯ’ ಅಂದರೆ ಈಗ ಬಳಕೆಯಲ್ಲಿ ಇಲ್ಲದ್ದು ಅಂತಲೂ ಆಗುತ್ತದೆ. ನನಗೆ ಹಿಡಿಸಿದ್ದು ‘ಸವೆಯದ ನಾಣ್ಯ’. ಒಂದು ನಾಣ್ಯ ಎಷ್ಟು ಕೈ ದಾಟಿತು ಅನ್ನುವುದನ್ನು ಯಾರೂ ನೋಡಿರುವುದಿಲ್ಲ, ದರ್ಜೆ ಕೊಡುವವರು ನೋಡುವುದು ಸವೆತವನ್ನೇ. ‘ಸವಕಲು ನಾಣ್ಯ’ ಹೇಗೂ ನಮ್ಮಲ್ಲಿ ಇದೆ, ಅದರ ಎದುರಿಗೆ ಇದು ಚೆನ್ನಾಗಿ ಕೂರುತ್ತದೆ.

ಇಲ್ಲಿ ಇನ್ನೊಂದು ತೊಡಕಿದೆ. 1916ರಿಂದ 1945ರವರೆಗೆ ಬಂದ ಮರ್ಕ್ಯುರಿ ಡೈಮ್ ನೋಡಿ. ಅದರ ಮೇಲಿರುವುದು ರೆಕ್ಕೆಯ ಟೊಪ್ಪಿ ಹಾಕಿದ ಲಿಬರ್ಟಿ (ಸ್ವಾತಂತ್ರ್ಯವನ್ನು ಹೆಣ್ಣಿನ ರೂಪದಲ್ಲಿ ತೋರಿಸಿದ್ದು), ಜನ ಅವಳನ್ನು ರೋಮನ್ನರ ಮರ್ಕ್ಯುರಿ ದೇವರು ಅಂದುಕೊಂಡು ಆ ಹೆಸರೇ ನಿಂತುಹೋಯಿತು. ಹಿಂಬದಿಯಲ್ಲಿ ಕೊಡಲಿ ಸೇರಿಸಿ ಬಿಗಿದ ಕೋಲುಗಳ ಕಟ್ಟು ಇದೆ. ಅದರ ನಡುವಿನ ಅಡ್ಡಪಟ್ಟಿಗಳು ಎರಡಾಗಿ ಬಿಡಿಬಿಡಿಯಾಗಿ ಕಂಡರೆ ಬೆಲೆ ಜಾಸ್ತಿ. ಆದರೆ ಒಂದು ಕೈಯನ್ನೂ ದಾಟದ ಎಷ್ಟೋ ನಾಣ್ಯಗಳಲ್ಲೂ ಆ ಪಟ್ಟಿಗಳು ಕಲಸಿಹೋಗಿರುತ್ತವೆ, ಟಂಕಸಾಲೆಯಲ್ಲೇ ಅಚ್ಚು ಗಟ್ಟಿಯಾಗಿ ಬಿದ್ದಿರುವುದಿಲ್ಲ. ಆದರೂ ಮೊದಲಿನ ಹೊಳಪು ಹಾಗೇ ಇರುತ್ತದೆ. ಸವೆದದ್ದರಲ್ಲಿ ಉಬ್ಬಿದ ಜಾಗದ ಹೊಳಪೇ ಮೊದಲು ಹೋಗುತ್ತದೆ. ಹೀಗೆ ಅಚ್ಚು ಗಟ್ಟಿಯಾಗಿ ಬೀಳದ್ದಕ್ಕೆ ಸದ್ಯ ‘ಮಂದ ಅಚ್ಚು’ ಅಂತ ಬರೆದಿದ್ದೇನೆ. ‘ಸವೆಯದ, ಮಂದ ಅಚ್ಚಿನ ಡೈಮ್’ ಅಂದರೆ ನಿಮಗೆ ಅರ್ಥ ಆಗುತ್ತದಾ?

‘ಗುಡ್’ ಅನ್ನುವ ದರ್ಜೆಯಂತೂ ಪೂರ್ತಿ ದಾರಿ ತಪ್ಪಿಸುತ್ತದೆ. ಅದು ಚೆನ್ನಾಗಿರುವ ನಾಣ್ಯ ಅಲ್ಲ, ತುಂಬಾ ಸವೆದು ಚಿತ್ರದ ಹೊರಗೆರೆ ಮಾತ್ರ ಉಳಿದದ್ದು. ‘ಒಳ್ಳೆಯದು’ ಅಂತ ಬರೆದರೆ ಹೊಸದಾಗಿ ಕೊಳ್ಳುವವರಿಗೆ ಮೋಸ ಮಾಡಿದ ಹಾಗೆ. ‘ಸವಕಲು’ ಅನ್ನೋಣವೆಂದರೆ ನಮ್ಮಲ್ಲಿ ಅದು ಕೆಲಸಕ್ಕೆ ಬಾರದ್ದು ಅನ್ನುವ ಅರ್ಥವನ್ನೂ ಹೊತ್ತು ಬರುತ್ತದೆ, ಸವಕಲು ಮಾತು ಅಂತೀವಲ್ಲ, ಹಾಗೆ. 1964ರವರೆಗಿನ ಡೈಮ್‌ಗಳು ನೂರಕ್ಕೆ ಸುಮಾರು 90 ಪಾಲು ಬೆಳ್ಳಿ, ಎಷ್ಟು ಸವೆದರೂ ಬೆಳ್ಳಿಯ ಬೆಲೆ ಇದ್ದೇ ಇರುತ್ತದೆ. ಇನ್ನು 1916ರಲ್ಲಿ ಡೆನ್ವರ್ ಟಂಕಸಾಲೆ ಅಚ್ಚು ಹಾಕಿದ್ದು ಬರೀ 2,64,000 ಮರ್ಕ್ಯುರಿ ಡೈಮ್. ಅದರ ‘ಗುಡ್’ ದರ್ಜೆಯದ್ದಕ್ಕೂ ಜನ ನೂರಾರು ಡಾಲರ್ ಕೊಡುತ್ತಾರೆ. ಅಂಥದ್ದನ್ನು ಸವಕಲು ಅನ್ನಲು ಮನಸ್ಸು ಒಪ್ಪುತ್ತಿಲ್ಲ. ‘ತುಂಬಾ ಸವೆದದ್ದು’ ಅಂತ ಬಿಡಿಸಿ ಬರೆಯೋಣ ಅಂತಿದ್ದೇನೆ.

ನಿಮ್ಮ ಮನೆಯ ಹಿರಿಯರಲ್ಲಿ ಯಾರಾದರೂ ಚಿನಿವಾರ ಪೇಟೆಯಲ್ಲಿ ವ್ಯಾಪಾರ ಮಾಡಿದವರು ಇದ್ದರೆ ದಯವಿಟ್ಟು ಕೇಳಿ ನೋಡಿ. ಬೆಳ್ಳಿ ರೂಪಾಯಿ ಕೊಳ್ಳುವಾಗ ಸವೆದದ್ದಕ್ಕೂ ಸವೆಯದ್ದಕ್ಕೂ ಅವರು ಬೇರೆ ಬೇರೆ ಹೆಸರು ಹೇಳುತ್ತಿದ್ದರೆ ನನ್ನ ಪದಗಳನ್ನು ಬಿಟ್ಟು ಅವನ್ನೇ ಹಾಕುತ್ತೇನೆ.