‘ಗಿಫ್ಟೆಡ್’ ಮಗುವಿಗೆ ‘ಪ್ರತಿಭಾವಂತ’ ಎಂದರೆ ಸಾಕೇ?

ಎಲ್ಲರಿಗೂ ನಮಸ್ಕಾರ.

ಶಿಕ್ಷಕರ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಓರಗೆಯವರಿಗಿಂತ ಬಹಳ ಬೇಗ, ಬಹಳ ಆಳವಾಗಿ ಕಲಿಯುವ ಮಕ್ಕಳನ್ನು ಶಾಲೆ ಹೇಗೆ ಗುರುತಿಸಬೇಕು, ಗುರುತಿಸಿದ ಮೇಲೆ ಏನು ಮಾಡಬೇಕು ಎಂಬುದು ಅದರ ವಿಷಯ. ಮೊದಲ ಪುಟದ ‘ಗಿಫ್ಟೆಡ್’ ಎಂಬ ಪದದಲ್ಲೇ ಸಿಕ್ಕಿಕೊಂಡಿದ್ದೇನೆ.

ತಟ್ಟನೆ ಹೊಳೆಯುವುದು ‘ಪ್ರತಿಭಾವಂತ’. ಅರ್ಥದಲ್ಲಿ ತಪ್ಪಿಲ್ಲ. ಆದರೆ ಶಾಲೆಯ ಮಾತಿನಲ್ಲಿ ಈ ಪದ ಅಂಕಪಟ್ಟಿಗೆ ಅಂಟಿಕೊಂಡಿದೆ. ‘ಪ್ರತಿಭಾ ಪುರಸ್ಕಾರ’ ಎಂದರೆ ಫಲಿತಾಂಶ ಬಂದ ಮೇಲಿನ ಸನ್ಮಾನ. ಕೈಪಿಡಿ ಕೇಳುವುದು ಅದಕ್ಕೂ ಮೊದಲಿನ ಪ್ರಶ್ನೆಯನ್ನು: ಈ ಮಗುವಿಗೆ ಕಲಿಸುವ ಬಗೆಯೇ ಬೇರೆಯಾಗಬೇಕೇ? ಗೊತ್ತಿರುವ ಪಾಠವನ್ನೇ ನಾಲ್ಕನೇ ಸಲ ಕೇಳಿ ಬೇಸತ್ತು ಕಿಟಕಿಯಾಚೆ ನೋಡುವ, ಹೋಮ್‌ವರ್ಕ್ ಒಪ್ಪಿಸದ, ಅಂಕದಲ್ಲಿ ನಡುಮಟ್ಟದಲ್ಲೇ ಉಳಿದ ಹುಡುಗಿಯೂ ಗಿಫ್ಟೆಡ್ ಇರಬಹುದು. ಅವಳನ್ನು ‘ಪ್ರತಿಭಾವಂತೆ’ ಎಂದು ಬರೆದರೆ ಓದುವ ಶಿಕ್ಷಕರು ನಂಬುವುದು ಕಷ್ಟ. ಪದದ ದೆಸೆಯಿಂದ ಒಂದು ಮಗು ಕೈತಪ್ಪಿಹೋಗಬಾರದು.

‘ಬುದ್ಧಿವಂತ’, ‘ಮೇಧಾವಿ’ ಎಂದರೆ ಐಕ್ಯೂ, ಅಂದರೆ ಬುದ್ಧಿಮತ್ತೆಯ ಪರೀಕ್ಷೆಯ ಅಂಕ, ಒಂದೇ ಅಳತೆಗೋಲು ಎಂಬಂತಾಗುತ್ತದೆ. ಆ ಅಳತೆಗೋಲು ಹುಟ್ಟಿದ್ದೇ ಬೇರೆ ಕೆಲಸಕ್ಕೆ. 1905ರಲ್ಲಿ ಪ್ಯಾರಿಸ್ಸಿನಲ್ಲಿ ಮನೋವಿಜ್ಞಾನಿಗಳಾದ ಬಿನೆ ಮತ್ತು ಸಿಮೊನ್ ಬುದ್ಧಿಮತ್ತೆಯ ಪರೀಕ್ಷೆ ರೂಪಿಸಿದ್ದು ಕಲಿಕೆಯಲ್ಲಿ ಹಿಂದುಳಿದು ನೆರವು ಬೇಕಾದ ಮಕ್ಕಳನ್ನು ಗುರುತಿಸಲೆಂದು. ಅಮೆರಿಕದ ಮನೋವಿಜ್ಞಾನಿ ಲೂಯಿಸ್ ಟರ್ಮನ್ 1916ರಲ್ಲಿ ಅದನ್ನು ಪರಿಷ್ಕರಿಸಿ, 1921ರಲ್ಲಿ ತೊಡಗಿದ ಅಧ್ಯಯನಕ್ಕೆ ಮೇಲ್ತುದಿಯ ಮಕ್ಕಳನ್ನು ಆರಿಸಲು ಬಳಸಿದರು. ಆಗ ಪರೀಕ್ಷೆಗೆ ಕೂತು ಆಯ್ಕೆಯಾಗದ ವಿಲಿಯಂ ಶಾಕ್ಲಿ, ಲೂಯಿಸ್ ಆಲ್ವಾರೆಜ್ ಮುಂದೆ 1956 ಮತ್ತು 1968ರಲ್ಲಿ ಭೌತವಿಜ್ಞಾನದ ನೊಬೆಲ್ ಪಡೆದರು. ಇವತ್ತಿಗೂ ಹಲವೆಡೆ ಗಿಫ್ಟೆಡ್ ಎನ್ನಲು ಐಕ್ಯೂ 130ರಲ್ಲಿ ಗೆರೆ ಎಳೆಯುತ್ತಾರೆ. ನೂರರಲ್ಲಿ ಸುಮಾರು ಇಬ್ಬರಷ್ಟೇ ಅದನ್ನು ದಾಟುತ್ತಾರೆ.

ಇನ್ನೂ ದೊಡ್ಡ ತೊಡಕು ‘ಗಿಫ್ಟೆಡ್ ಅಂಡ್ ಟ್ಯಾಲೆಂಟೆಡ್’ ಎಂಬ ಜೋಡಿಪದ. ಕೆನಡಾದ ಮನೋವಿಜ್ಞಾನಿ ಫ್ರಾಂಸ್ವಾ ಗಾನ್ಯೆ ಇವೆರಡನ್ನೂ ಬಿಡಿಸಿಟ್ಟಿದ್ದಾರೆ: ಮೊದಲನೆಯದು ಸಹಜವಾಗಿ ಬಂದ ಶಕ್ತಿ, ಎರಡನೆಯದು ಕಲಿತು ಪಳಗಿಸಿಕೊಂಡದ್ದು. ನಾವು ಎರಡಕ್ಕೂ ‘ಪ್ರತಿಭೆ’ ಎನ್ನುತ್ತೇವೆ. ಆದರೆ ಕಾವ್ಯಮೀಮಾಂಸೆಯಲ್ಲಿ ಪ್ರತಿಭೆ, ವ್ಯುತ್ಪತ್ತಿ (ಓದಿ ಪಡೆದ ಪಾಂಡಿತ್ಯ), ಅಭ್ಯಾಸ ಬೇರೆಬೇರೆಯಾಗಿಯೇ ಇದ್ದವು. ಅಲ್ಲಿ ಪ್ರತಿಭೆ ಎಂದರೆ ಹೊಸಹೊಸದನ್ನು ಕಾಣಿಸುವ ಒಳಬೆಳಕು. ಶಾಲೆ ಆ ಪದವನ್ನು ಫಲಿತಾಂಶಕ್ಕೆ ಕಟ್ಟಿತು. ಹಳೆಯ ಅರ್ಥವನ್ನು ಮತ್ತೆ ಚಲಾವಣೆಗೆ ತರಲು ಸಾಧ್ಯವೇ?

ಕವಿರಾಜಮಾರ್ಗದ ‘ಚದುರರ್ ನಿಜದಿಂ’ ಎಂಬ ಮಾತೂ ನೆನಪಾಯಿತು. ‘ಸ್ವಭಾವದಿಂದಲೇ ಜಾಣರು’ ಎಂದು ಅರ್ಥ. ಬೆನ್ನಿಗೇ ‘ಕುರಿತೋದದೆಯುಂ’, ಅಂದರೆ ‘ಪಟ್ಟುಹಿಡಿದು ಓದದೆಯೂ’, ಎಂದೂ ಬರುತ್ತದೆ. ನನಗೆ ಬೇಕಾದ ಭಾವ ಸರಿಯಾಗಿ ಅಲ್ಲಿದೆ, ಆದರೆ ಈಗ ‘ನಿಜ’ಕ್ಕೆ ‘ಸತ್ಯ’ ಎಂಬ ಅರ್ಥವೇ ಮುಂದೆ ಬರುತ್ತದೆ. ‘ಹುಟ್ಟುಜಾಣ’ ಎನ್ನಲು ಮನಸ್ಸು ಒಪ್ಪದು. ಹುಟ್ಟಿನಲ್ಲೇ ಎಲ್ಲ ತೀರ್ಮಾನವಾಯಿತು ಎನ್ನುವ ಪದ ಉಳಿದ ಮಕ್ಕಳಿಗೆ ಬಾಗಿಲು ಮುಚ್ಚುತ್ತದೆ.

ನಾನು ಸದ್ಯಕ್ಕೆ ಕಟ್ಟಿಕೊಂಡಿರುವುದು ‘ಮುಂಗಲಿಕೆ’, ‘ಮುಂಗಲಿಕೆಯ ಮಗು’. ಮುಂಗಾರು, ಮುಂಗಡಗಳ ಜಾಡಿನದು. ಮಗುವಿಗೆ ಹಣೆಪಟ್ಟಿ ಹಚ್ಚದೆ ಕಲಿಕೆಯನ್ನು ಬಣ್ಣಿಸುತ್ತದೆ ಎಂಬುದೇ ನನಗೆ ಹಿಡಿಸಿದ್ದು. ‘ಮೊದಲೇ ಕಲಿತದ್ದು’ ಎಂಬ ಅರ್ಥ ನಿಮ್ಮ ಕಿವಿಗೆ ಬೀಳುತ್ತದೆಯೇ?

ಜೊತೆಗೆ ಇನ್ನೂ ಕೆಲವು ಪದಗಳು ಬೇಕಾಗಿವೆ. ಮಗುವನ್ನು ಒಂದು ತರಗತಿ ಮೇಲಕ್ಕೆ ಕಳಿಸುವುದಕ್ಕೆ ‘ತರಗತಿ ದಾಟಿಸುವುದು’ ಎಂದು ಬರೆದಿದ್ದೇನೆ, ಅದೇ ತರಗತಿಯಲ್ಲಿ ಪಾಠವನ್ನು ಆಳಗೊಳಿಸುವುದಕ್ಕೆ ‘ಕಲಿಕೆ ಹಿಗ್ಗಿಸುವುದು’, ಎರಡನೆಯದು ಸಡಿಲವೆನಿಸುತ್ತಿದೆ. ಕೊನೆಯದು, ಓದುವುದರಲ್ಲಿ ಡಿಸ್ಲೆಕ್ಸಿಯಾದ ತೊಡಕಿದ್ದೂ ಯೋಚನೆಯಲ್ಲಿ ಬಹಳ ಮುಂದಿರುವ ಮಗುವಿಗೆ ಏನೆನ್ನುವುದು? ಒಂದು ಇನ್ನೊಂದನ್ನು ಮರೆಮಾಡುವುದರಿಂದ ಎರಡೂ ಶಾಲೆಯ ಕಣ್ಣಿಗೆ ಬೀಳದೆ ಹೋಗುತ್ತವೆ. ‘ವಿಶೇಷ ಮಗು’ ಎಂಬ ಮಾತು ಈಗಾಗಲೇ ಅಂಗವೈಕಲ್ಯಕ್ಕೆ ಬಳಕೆಯಲ್ಲಿದೆ. ತರಗತಿಯಲ್ಲಿ ಇಂಥ ಮಕ್ಕಳನ್ನು ಕಂಡ ಶಿಕ್ಷಕರು ಇಲ್ಲಿದ್ದರೆ, ನಿಮ್ಮ ನಿಮ್ಮಲ್ಲಿ ಅವರ ಬಗ್ಗೆ ಮಾತಾಡುವಾಗ ಯಾವ ಪದ ಬಳಸುತ್ತೀರಿ?